ಕೋಡಿಯ ನಾಯಿಗಳು

ಅಶೋಕ್ ಎತ್ತಿದ ದೊಣ್ಣೆಗೂ ಕಂದು ನಾಯಿಗೂ ನಡುವೆ ವಿಜೇತಾ ಲ್ಯಾಪ್‌ಟಾಪ್ ಹಿಡಿದು ನಿಂತುಬಿಟ್ಟಳು. ಲಸಿಕೆ ತಂದಿದ್ದ ಪಶುವೈದ್ಯರು ಜೀಪಿನ ಬಳಿಯೇ ಉಳಿದರು. ಕಡಲತೀರದ ಊರಾದ ಕೋಡಿಯ ಮೀನುಗಾರರೆಲ್ಲ ಅಶೋಕನ ಬೆನ್ನಿಗಿದ್ದರು. ಹೋದ ತಿಂಗಳು ಹುಚ್ಚುನಾಯಿಯೊಂದು ಅವನ ಮಗಳನ್ನು ಕಚ್ಚಿತ್ತು. ಚುಚ್ಚುಮದ್ದಿನಿಂದ ಮಗು ಉಳಿದರೂ ಶಾಲೆಗೆ ಹೋಗಲು ಹೆದರುತ್ತಿತ್ತು.

“ಹ್ವಾಯ್, ಬದಿಗ್ ಹೋಯ್ನಿ ಮೇಡಮ್. ಒಂದೂ ಉಳೂಕಾಗ!” ಒಂದು ನಾಯಿಯನ್ನೂ ಉಳಿಸದ ಹಟದಲ್ಲಿ ಅಶೋಕ್ ಗದರಿದ.

“ಒಂದ್ಸಲ ಇದನ್ನ ಕಾಣಿ, ಅಶೋಕಣ್ಣ,” ಎಂದಳು ವಿಜೇತಾ. ರೋಗ ಹೇಗೆ ಹರಡುತ್ತದೆಂದು ಲೆಕ್ಕ ಹಾಕುವುದೇ ಹತ್ತಿರದ ಸಾಲಿಗ್ರಾಮದ ಈ ಹುಡುಗಿಯ ಕೆಲಸ. ಪರದೆಯ ಮೇಲೆ ಊರಿನ ನಾಯಿಗಳೆಲ್ಲ ಚುಕ್ಕಿಗಳಾಗಿದ್ದವು. ಅವನ್ನು ಅಳಿಸಿದಳು. ಖಾಲಿಯಾದ ಜಾಗಕ್ಕೆ ಹೊರಗಿನ ಚುಕ್ಕಿಗಳು ನುಗ್ಗಿದವು. ಅವುಗಳಲ್ಲೊಂದು ರೋಗದ ಕೆಂಪು ಚುಕ್ಕಿ. ನೋಡುತ್ತಿದ್ದಂತೆ ತೀರವೆಲ್ಲ ಕೆಂಪಾಯಿತು.

“ಇವನ್ನ ಕೊಂದ್ರೆ ಮೀನಿನ್ ವಾಸ್ನಿಗೆ ಬೇರೆ ನಾಯಿ ಬತ್ತೊ. ಅವಕ್ಕ್ ಯಾರೂ ಸೂಜಿ ಹಾಕಿರುದಿಲ್ಲೆ.”

ಮತ್ತೆ ಮೊದಲಿನಿಂದ ಶುರುಮಾಡಿ, ಈ ಸಲ ಪರದೆಯಲ್ಲೇ ಹತ್ತರಲ್ಲಿ ಏಳು ನಾಯಿಗಳಿಗೆ ಲಸಿಕೆ ಕೊಟ್ಟಳು. ಕೆಂಪು ಚುಕ್ಕಿ ಬಂತು, ಒಂದೆರಡಕ್ಕೆ ತಾಗಿತು, ಅಲ್ಲೇ ಆರಿಹೋಯಿತು.

ಅಶೋಕ್ ಬಗ್ಗಿ ನೋಡಿದ. “ನನ್ ಮಗಳ್ ಶಾಲಿಗ್ ಹೋಪ್ ದಾರಿ ಇದ್ರಗೆ ಎಲ್ಲಿತ್ತ್?”

ವಿಜೇತಾ ಬೆರಳಿಟ್ಟು ತೋರಿಸಿದಳು. ಅಲ್ಲಿ ಕೆಂಪು ಇರಲಿಲ್ಲ. ಅವನು ಇನ್ನೊಮ್ಮೆ ಮೊದಲಿನಿಂದ ತೋರಿಸಲು ಹೇಳಿದ. ಈ ಸಲವೂ ಆ ದಾರಿಗೆ ಕೆಂಪು ತಾಗಲಿಲ್ಲ. ಅವನು ದೊಣ್ಣೆ ಕೆಳಗೆ ಹಾಕಿ, ಮರಳಲ್ಲಿ ಮಂಡಿಯೂರಿ, ಕಂದು ನಾಯಿಯನ್ನು ತೋಳಿನಿಂದ ಬಳಸಿ ಹಿಡಿದುಕೊಂಡ.

“ಡಾಕ್ಟ್ರೇ, ಸೂಜಿ ತಕಂಡ್ ಬನ್ನಿ. ನಾನ್ ಹಿಡ್ಕಂತೆ.”

ಸೂಜಿ ತಾಗುತ್ತಲೇ ನಾಯಿ ಕುಂಯ್ ಎಂದಿತು. ಹಿಂದೆ ನಿಂತಿದ್ದವರೆಲ್ಲ ನಕ್ಕರು. ಅಶೋಕನೂ ನಕ್ಕ.