ಅಡ್ಡಪ್ಪನ ಸೀಸೆ

ಹಿತ್ತಲಿನ ಹಳೆಯ ಬಚ್ಚಲಿಗೆ ಹೊಕ್ಕು ಗಂಡ ಮತ್ತೆ ಅಗುಳಿ ಹಾಕಿಕೊಂಡಿದ್ದ. ಹೆಂಡತಿ ಬಾಗಿಲಿಗೆ ಕಿವಿ ಕೊಟ್ಟಳು. ಒಳಗೆ ಪಿಸುಮಾತು. ಕೊಂದವನ ತಲೆ ಕೆಟ್ಟಿದೆ ಎಂದು ಅವಳಿಗೆ ಖಾತ್ರಿಯಾಯಿತು.

ಕೊಂದದ್ದು ಅಡ್ಡಪ್ಪನನ್ನು. ಏಡಿಗಳ ತಜ್ಞನಾದ ಗಂಡ ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಕೆಸರಿನಲ್ಲಿ ಮೊಣಕಾಲವರೆಗೆ ಹೂತುಕೊಂಡು ಹಿಡಿದು ತಂದ ನೇರಳೆ ಇಕ್ಕಳದ ಏಡಿ ಅದು. ಅಂಥದ್ದನ್ನು ಅದುವರೆಗೆ ಯಾರೂ ದಾಖಲಿಸಿರಲಿಲ್ಲ. ಹೊಸ ಜಾತಿ ಎಂದು ಒಪ್ಪಬೇಕಾದರೆ ಒಂದು ಏಡಿ ಮ್ಯೂಸಿಯಮ್ಮಿನ ಸ್ಪಿರಿಟ್ ಸೀಸೆಗೆ ಇಳಿಯಲೇಬೇಕು. ಎಷ್ಟು ಹುಡುಕಿದರೂ ಎರಡನೆಯದು ಸಿಗಲಿಲ್ಲ. ಅಷ್ಟರಲ್ಲಿ ಹೆಂಡತಿ ಇದಕ್ಕೆ ಹೆಸರಿಟ್ಟು, ಸೌತೆಕಾಯಿ ಚೂರು ತಿನ್ನಿಸಿ, ಮನೆಮಗನನ್ನಾಗಿ ಮಾಡಿಕೊಂಡಿದ್ದಳು. ಸೀಸೆಯ ಮಾತೆತ್ತಿದರೆ ತಾನೂ ಅದರೊಳಗೇ ಇಳಿಯುತ್ತೇನೆ ಎನ್ನುತ್ತಿದ್ದಳು.

ಮ್ಯೂಸಿಯಮ್ಮಿನ ಮುಖ್ಯಸ್ಥ ಅವಳ ಅಣ್ಣನೇ. ಅವನ ಮುಂದೆ ಅವಳ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುತ್ತಿರಲಿಲ್ಲ. ತಂಗಿ ಅತ್ತು ಕರೆದರೂ ಅಣ್ಣ ಜಗ್ಗಲಿಲ್ಲ. ಏಡಿ ಬಂದರೆ ದಾಖಲೆ, ಬರದಿದ್ದರೆ ಇಲ್ಲ ಎಂದುಬಿಟ್ಟ.

ಒಂದು ಬೆಳಿಗ್ಗೆ ಅವಳು ಪೇಟೆಯಿಂದ ಬರುವಷ್ಟರಲ್ಲಿ ಏಡಿಯ ನೀರಿನ ತೊಟ್ಟಿ ಖಾಲಿ. ಸೀಸೆಯಲ್ಲಿ ಅಡ್ಡಪ್ಪ ಹಗುರಾಗಿ ತೇಲುತ್ತಿದ್ದ. ಗಂಡ ಅದನ್ನು ಕಂಕುಳಲ್ಲಿಟ್ಟುಕೊಂಡು ಸಿಳ್ಳೆ ಹಾಕುತ್ತ ಹೊರಟೇಹೋದ. ಅವಳು ಮಾತು ಬಿಟ್ಟಳು. ಕೊಂದ ಪಾಪ ತಿಂದು ಪರಿಹಾರ ಎನ್ನುತ್ತಾರೆ. ಸ್ಪಿರಿಟ್ಟಿನಲ್ಲಿ ಅದ್ದಿದ್ದನ್ನು ತಿನ್ನುವ ಹಾಗೂ ಇಲ್ಲ.

ಆಮೇಲೆ ಶುರುವಾಯಿತು ಗಂಡನ ವಿಚಿತ್ರ. ಅಡುಗೆಮನೆಯ ಉಪ್ಪು ನೋಡನೋಡುತ್ತ ಕರಗಿತು. ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಕಾಂಡ್ಲಾ ಮರದ ಹಣ್ಣೆಲೆಗಳು ಸಿಕ್ಕವು. ಹಳೆಯ ಬಚ್ಚಲ ಕಡೆ ಸುಳಿಯಬೇಡ ಎಂಬ ತಾಕೀತು ಬೇರೆ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡಿದ್ದವಳಿಗೆ ಈಗ ಕರುಳು ಚುರುಕ್ ಎಂದಿತು. ಎಷ್ಟಾದರೂ ಕಟ್ಟಿಕೊಂಡ ಗಂಡ.

ಬಾಗಿಲು ತಟ್ಟಿದಳು. "ರೀ, ಹೋದದ್ದು ಹೋಯ್ತು. ನಾನು ಕ್ಷಮಿಸಿದ್ದೀನಿ, ಆಚೆ ಬನ್ನಿ."

ಪಿಸುಮಾತು ನಿಂತಿತು. "ನಿಮ್ಮಣ್ಣನಿಗೆ ಹೇಳಲ್ಲ ಅಂತ ಆಣೆ ಮಾಡು."

ಏನು ಎತ್ತ ಎಂದು ತಿಳಿಯದೆಯೇ ಆಣೆ ಮಾಡಿದಳು. ಅಗುಳಿ ಸರಿಯಿತು.

ಬಕೆಟ್ಟಿನ ಉಪ್ಪುನೀರಿನಲ್ಲಿ, ಮೊದಲಿಗಿಂತ ಒಂದು ಸುತ್ತು ದಪ್ಪಗಾಗಿ, ಅಡ್ಡಪ್ಪ ಎಲೆ ಮೆಲ್ಲುತ್ತಿದ್ದ.

"ಸೀಸೇಲಿರೋದು ಇವನು ಕಳಚಿಹಾಕಿದ ಹಳೇ ಚಿಪ್ಪು ಕಣೇ," ಎಂದ ಗಂಡ. "ಕಣ್ಣು, ಕಾಲು, ಮೀಸೆ ಎಲ್ಲಾ ಹಾಗ್ಹಾಗೇ ಇದೆ. ನಿಮ್ಮಣ್ಣ ಭೂತಗನ್ನಡಿ ಇಟ್ಟು ನೋಡಿ, ಇಷ್ಟು ಚೆನ್ನಾಗಿ ಸತ್ತ ಏಡೀನ ನಾನು ಈವರೆಗೂ ಕಂಡಿಲ್ಲ ಅಂದ."