ತಂಗಾಳಿಯ ಮೇಲೆ ಫಿರಂಗಿ

ಫಿರಂಗಿಗಳನ್ನು ಹೊಳೆಯ ಈಚೆ ದಡದಲ್ಲಿ ಸಾಲಾಗಿ ನಿಲ್ಲಿಸಿ ಮೊಮ್ಮಗಳು ತೊಡೆಯ ಮೇಲಿನ ಕಂಪ್ಯೂಟರಿನಿಂದ ಕೈ ತೆಗೆದಳು. ಇನ್ನೊಂದು ಗುಂಡಿ ಒತ್ತಿದರೆ ಸಾಕು, ಅವು ಬೆಂಕಿ ಉಗುಳುತ್ತವೆ. ಎದುರು ದಡದಲ್ಲಿದ್ದದ್ದು ತಂಗಾಳಿ. ಅಜ್ಜಿ ಮಂಚದ ಮೇಲೆ ಮಲಗಿಕೊಂಡೇ ಕಟ್ಟಿಸಿದ, ಅಜ್ಜಿಯೇ ಹೆಸರಿಟ್ಟ ಊರು.

"ಯಾರ ಸರದಿ?" ಅಂದಳು ಅಜ್ಜಿ, ಪಟ್ಟಿ ಕಟ್ಟಿದ ಮುಖ ಅಲ್ಲಾಡಿಸದೆ.

"ನಮ್ಮದೇ."

"ಮತ್ತೆ ಮೀನಮೇಷ ಎಣಿಸ್ತಾ ಕೂತಿದ್ದೀಯಲ್ಲ!"

ಅಜ್ಜಿಯ ಒಂದು ಕಣ್ಣು ಹೋಗಿ ವರ್ಷಗಳೇ ಆಗಿದ್ದವು. ಉಳಿದ ಕಣ್ಣಿಗೆ ಹೋದ ವಾರ ಆಪರೇಷನ್ ಆಗಿತ್ತು. ಪಟ್ಟಿ ಬಿಚ್ಚಿದಾಗ ವಸ್ತುಗಳು ಬಿಡಿಬಿಡಿಯಾಗಿ ಕಂಡರೆ ಗೆದ್ದ ಹಾಗೆ, ಬರೀ ಮಂಜು ಕಂಡರೆ ಇನ್ನೇನೂ ಮಾಡುವಂತಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಲ್ಲಿಯವರೆಗೆ ಅಲುಗಾಡದೆ ಮಲಗಿರಬೇಕು. ಔಷಧಿ ಅಂಗಡಿಯ ಕೆಲಸಕ್ಕೆ ರಜೆ ಹಾಕಿ ಬಂದ ಮೊಮ್ಮಗಳು, ಅಜ್ಜಿಗೆ ಹೊತ್ತು ಹೋಗಲಿ ಎಂದು ತನ್ನ ಕಂಪ್ಯೂಟರ್ ಆಟವನ್ನು ಬಾಯಲ್ಲೇ ವಿವರಿಸತೊಡಗಿದ್ದಳು. ಊರು ಕಟ್ಟುವುದು, ವಿದ್ಯೆ ಕಲಿಯುವುದು, ಪಕ್ಕದ ರಾಜರೊಡನೆ ಕಾದಾಡುವುದು, ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರದು. ವಿಜ್ಞಾನದ ಟೀಚರಾಗಿ ನಿವೃತ್ತಳಾದ ಅಜ್ಜಿ ಒಂದೇ ದಿನದಲ್ಲಿ ಇಡೀ ಆಟವನ್ನು ಕೈವಶ ಮಾಡಿಕೊಂಡಳು.

"ಸಿಪಾಯಿಗಳಿಗೆ ದಂಡಕ್ಕೆ ಅನ್ನ ಹಾಕಬೇಡ. ಗ್ರಂಥಾಲಯ ಕಟ್ಟು, ವಿಶ್ವವಿದ್ಯಾಲಯ ಕಟ್ಟು. ಪಕ್ಕದವನು ಇನ್ನೂ ಬಿಲ್ಲು ಬಾಣ ಹಿಡ್ಕೊಂಡು ನಿಂತಿರೋವಾಗ ನಾವು ಫಿರಂಗಿ ತಗೊಂಡು ಹೋದ್ರೆ ಮುಗೀತು. ಮೊದಲು ಓದು, ಆಮೇಲೆ ಜಗಳ. ಇನ್ನೊಂದು ಮಾತು, ತಪ್ಪಾದ್ರೆ ಹಿಂದಕ್ಕೆ ಹೋಗಿ ತಿದ್ದೋ ಹಾಗಿಲ್ಲ!"

ಪಟ್ಟಿಯ ಹಿಂದಿನ ಕತ್ತಲಲ್ಲಿ ಅಜ್ಜಿಗೆ ತಂಗಾಳಿ ಕಾಣಿಸುತ್ತಿತ್ತು. ಪರದೆಯಲ್ಲಿ ಗ್ರಂಥಾಲಯವೆಂದರೆ ಉಗುರಿನಷ್ಟು ದೊಡ್ಡ ಬಿಳಿ ಕಟ್ಟಡ, ಅಷ್ಟೆ. ಅಜ್ಜಿ ಮಾತ್ರ ಅರೆನಿದ್ದೆಯಲ್ಲಿ, "ಅದರ ಮೆಟ್ಟಿಲು ಹೊಳೆಯೊಳಗೇ ಇಳಿಯುತ್ತೆ ನೋಡು. ಹುಡುಗಿಯರು ನೀರಲ್ಲಿ ಕಾಲು ಬಿಟ್ಕೊಂಡು ಓದ್ತಾ ಕೂತಿದ್ದಾರೆ. ಒಬ್ಬಳ ಪುಸ್ತಕದ ಹಾಳೆ ಹಾರಿಹೋಯ್ತು" ಎನ್ನುತ್ತಿದ್ದಳು. ಆಮೇಲೆ ಅನುಮಾನ ಬಂದು ಕೇಳುತ್ತಿದ್ದಳು: "ಮೆಟ್ಟಿಲು ಇದೆ ತಾನೇ?"

"ಇದೆ ಅಜ್ಜಿ."

ಅಂಥ ತಂಗಾಳಿ ನಿನ್ನೆ ಅಜ್ಜಿ ನಿದ್ದೆಹೋದಾಗ ಕೈಬಿಟ್ಟುಹೋಗಿತ್ತು. ಪಕ್ಕದ ರಾಜನ ಕುದುರೆಗಳು ಬಂದವು. ಊರಲ್ಲಿ ಹೆಸರಿಗೊಬ್ಬ ಸಿಪಾಯಿಯೂ ಇರಲಿಲ್ಲ. ಮೊಮ್ಮಗಳಿಗೆ ಹೇಳಲು ಬಾಯಿ ಬರಲಿಲ್ಲ. ಅಜ್ಜಿ ಕೇಳಿದಾಗೆಲ್ಲ ತಂಗಾಳಿಯಲ್ಲಿ ದೀಪ ಹಚ್ಚಿದ್ದಾರೆ, ಕಿಟಕಿ ತೆರೆದಿದ್ದಾರೆ ಎಂದು ಕಥೆ ಕಟ್ಟುತ್ತಲೇ ಹೋದಳು. ಇವತ್ತು ಸಂಜೆ ನರ್ಸಮ್ಮ ಮನೆಗೆ ಬಂದು ಪಟ್ಟಿ ಬಿಚ್ಚುತ್ತಾಳೆ. ಕಣ್ಣು ಬಿಟ್ಟ ಕೂಡಲೇ ಮೊದಲು ತಂಗಾಳಿಯನ್ನೇ ನೋಡಬೇಕೆಂದು ಅಜ್ಜಿಯ ಹಟ. ಪುಣ್ಯಕ್ಕೆ ಉಳಿದ ಊರುಗಳ ವಿಶ್ವವಿದ್ಯಾಲಯಗಳು ಫಿರಂಗಿಯ ವಿದ್ಯೆ ಕಲಿತು ಮುಗಿಸಿದ್ದವು. ಬೇಗ ಗೆದ್ದು, ಬೇಗ ರಿಪೇರಿ ಮಾಡಿಬಿಟ್ಟರೆ ಅಜ್ಜಿಗೆ ಗೊತ್ತೇ ಆಗುವುದಿಲ್ಲ.

ಮೊಮ್ಮಗಳು ಗುಂಡಿ ಒತ್ತಿದಳು. ಕೋಣೆಯ ತುಂಬ ಢಂ ಎಂದಿತು.

"ಫಿರಂಗಿ ಬಂತೇನೇ!" ಅಜ್ಜಿಯ ಮುಖ ಅರಳಿತು. "ಯಾರ ಊರಿಗೆ ಹೊಡೀತಿದ್ದೀಯ?"

"ಪಕ್ಕದ ರಾಜನ ಊರಿಗೆ."

"ಹೊಡಿ, ಹೊಡಿ! ಓದದೆ ಕೂತವನಿಗೆ ಬುದ್ಧಿ ಬರಲಿ."

ಪ್ರತಿ ಢಂ ಎಂಬ ಸದ್ದಿಗೂ ಹೊದಿಕೆಯೊಳಗೆ ಅಜ್ಜಿಯ ಕಾಲು ತಾಳ ಹಾಕುತ್ತಿತ್ತು. ಗ್ರಂಥಾಲಯ ಕುಸಿದಾಗ ಮೊಮ್ಮಗಳು ಗುಂಡಿಯಿಂದ ಬೆರಳು ತೆಗೆದು, ಮತ್ತೆ ಒತ್ತಿದಳು. ಕೊನೆಗೂ ತಂಗಾಳಿಯ ಮೇಲೆ ಮತ್ತೆ ಅಜ್ಜಿಯ ಬಾವುಟ ಹಾರಿತು. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು. ಸಂಜೆ ಬರಬೇಕಿದ್ದ ನರ್ಸಮ್ಮ ಈ ಕಡೆಯ ಕೆಲಸ ಬೇಗ ಮುಗಿಯಿತೆಂದು ಆಗಲೇ ಬಂದುಬಿಟ್ಟಿದ್ದಳು.

"ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿದ್ರೆ ಆಗಲ್ವಾ?" ಎಂದು ಮೊಮ್ಮಗಳು ಕೇಳಿದ್ದಕ್ಕೆ ನರ್ಸಮ್ಮನಿಗಿಂತ ಮೊದಲು ಅಜ್ಜಿಯೇ ಗದರಿದಳು. "ತಂಗಾಳೀನ ಮುಖದ ಹತ್ತಿರ ಹಿಡಿ. ದೊಡ್ಡದು ಮಾಡಿ ಹಿಡಿ, ಊರೊಂದೇ ಕಾಣಬೇಕು."

ನರ್ಸಮ್ಮ ಅಜ್ಜಿಯನ್ನು ನಿಧಾನವಾಗಿ ಎಬ್ಬಿಸಿ ಕೂರಿಸಿದಳು. ಕತ್ತರಿ ಆಡಿತು. ಪಟ್ಟಿ ಸುರುಳಿ ಸುರುಳಿಯಾಗಿ ಮಡಿಲಿಗೆ ಬಿತ್ತು. ಅಜ್ಜಿ ರೆಪ್ಪೆ ತೆರೆದು, ಮುಚ್ಚಿ, ಮತ್ತೆ ತೆರೆದಳು. ನಿಧಾನವಾಗಿ ಅವಳ ಮುಖ ಬಾಡಿತು.

"ಮಂಜು," ಅಂದಳು. "ಬರೀ ಬೂದು ಮಂಜು. ಊರೇ ಇಲ್ಲ." ಅವಳ ಕೈ ತಡವರಿಸುತ್ತ ಮೊಮ್ಮಗಳ ಮೊಣಕೈ ಹಿಡಿಯಿತು. "ಹೋಗ್ಲಿ ಬಿಡು ಪುಟ್ಟಿ. ಡಾಕ್ಟರು ಮೊದಲೇ ಹೇಳಿದ್ರಲ್ಲ. ನೀನು ಹೇಳ್ತಾ ಇರು, ನಾನು ಕೇಳ್ತಾ ಇರ್ತೀನಿ."

ಹೇಳದೇ ಉಳಿಯುವ ಹಾಗಿರಲಿಲ್ಲ. "ಅದು ಮಂಜಲ್ಲ ಅಜ್ಜಿ, ಹೊಗೆ," ಎಂದಳು ಮೊಮ್ಮಗಳು ಅಳುತ್ತ. "ತಂಗಾಳಿ ನಿನ್ನೆಯೇ ಹೋಗಿತ್ತು. ವಾಪಸ್ ತಗೊಳ್ಳೋಕೆ ನಾನೇ ಹೊಡೆದೆ. ಮೆಟ್ಟಿಲು ಮೊದಲಿಂದಲೂ ಇರಲಿಲ್ಲ."

ಅಜ್ಜಿ ಪರದೆಯ ಹತ್ತಿರ ಬಾಗಿ ಬಹಳ ಹೊತ್ತು ನೋಡಿದಳು.

"ಆ ಮೂಲೇಲಿ ಕೆಂಪಗೆ ಅಲ್ಲಾಡ್ತಿರೋದು ಬೆಂಕಿಯಾ?"

"ಹೂಂ."

"ಅದರ ಪಕ್ಕ ಮುರಿದು ಬಿದ್ದಿರೋದು ಕಂಬವಾ?"

"ಗ್ರಂಥಾಲಯದ್ದು ಅಜ್ಜಿ."

ಅಜ್ಜಿ ಎರಡೂ ಕೈಯಲ್ಲಿ ಮೊಮ್ಮಗಳ ಕೆನ್ನೆ ಹಿಡಿದುಕೊಂಡಳು. ಆ ಕಣ್ಣಿನಿಂದ ನೀರು ಧಾರಾಕಾರವಾಗಿ ಸುರಿಯುತ್ತಿತ್ತು.

"ಉರೀತಿದೆ ಕಣೇ!" ಎಂದಳು. "ನನ್ನ ಊರು ಎಷ್ಟು ಚೆನ್ನಾಗಿ ಉರೀತಿದೆ!"