ಮೂರು ಗಂಟೆಯ ಫೋನು

ಗ್ರಂಥಾಲಯದ ಪುಸ್ತಕಪಟ್ಟಿಯ ತಂತ್ರಾಂಶ ದಿನಾ ಮಧ್ಯಾಹ್ನ ಮೂರರ ಹೊತ್ತಿಗೆ ನಿಂತುಹೋಗುತ್ತಿತ್ತು. ಗ್ರಂಥಪಾಲಕಿ ನಳಿನಾಕ್ಷಿ ಕಂಪ್ಯೂಟರ್ ವಿಭಾಗಕ್ಕೆ ಫೋನು ಮಾಡಿ ಗಿರಿಧರನನ್ನೇ ಕರೆಯುತ್ತಿದ್ದಳು. ತಲೆ ಬಾಚಿಕೊಂಡು ಹೋದವನು ಮರಳುತ್ತಿದ್ದುದು ಮುಕ್ಕಾಲು ಗಂಟೆಯ ಮೇಲೆ. ಅದೇ ವಿಭಾಗದಲ್ಲಿ ಅವನ ಪಕ್ಕದ ಮೇಜಿನ ಶಿವಾನಂದನಿಗೆ ಅಷ್ಟು ಹೊತ್ತೂ ಹೊಟ್ಟೆ ಉರಿಯುತ್ತಿತ್ತು.

"ಹೋಗಿ ಏನ್ ಮಾಡ್ತೀಯೋ?"

"ಆಫ್ ಮಾಡಿ ಆನ್ ಮಾಡ್ತೀನಿ."

"ಅದಕ್ಕೆ ಮುಕ್ಕಾಲು ಗಂಟೆನಾ?"

"ಕಾಫಿ ಕೊಡ್ತಾರಪ್ಪ. ಬೇಡ ಅನ್ನಕ್ಕಾಗುತ್ತಾ?"

ಶಿವಾನಂದ ಭಾನುವಾರವಿಡೀ ಕೂತು ಹುಳುಕು ಪತ್ತೆಮಾಡಿದ. ತೆರೆದ ಒಂದೊಂದು ದಾಖಲೆಯೂ ಕೆಲಸ ಮುಗಿದ ಮೇಲೂ ಮೆಮೊರಿಯಲ್ಲೇ ಉಳಿದು, ಮೂರರ ಹೊತ್ತಿಗೆ ಜಾಗವೆಲ್ಲ ಭರ್ತಿಯಾಗುತ್ತಿತ್ತು. ಮುಗಿದದ್ದನ್ನು ಆಗಿಂದಾಗಲೇ ಖಾಲಿ ಮಾಡುವಂತೆ ತಂತ್ರಾಂಶಕ್ಕೆ ಎರಡು ಸಾಲು ಬರೆದು ಸೇರಿಸಿದ. ಇನ್ನು ಇವನು ಹೇಗೆ ಹೋಗುತ್ತಾನೋ ನೋಡೋಣ ಎಂದುಕೊಂಡ.

ಸೋಮವಾರ ಪುಸ್ತಕದ ನೆಪದಲ್ಲಿ ಗ್ರಂಥಾಲಯಕ್ಕೆ ಹೋಗಿ ಕಪಾಟಿನ ಮರೆಯಲ್ಲಿ ನಿಂತ. ಮೂರು ಹೊಡೆಯಿತು. ತಂತ್ರಾಂಶ ಸಲೀಸಾಗಿ ಓಡುತ್ತಲೇ ಇತ್ತು. ನಳಿನಾಕ್ಷಿ ಗಡಿಯಾರ ನೋಡಿದಳು, ಪರದೆ ನೋಡಿದಳು, ಹತ್ತು ನಿಮಿಷ ಕಾದಳು. ಆಮೇಲೆ ಮೇಜಿನಡಿ ಬಗ್ಗಿ ಕಂಪ್ಯೂಟರಿನ ವೈರು ಕಿತ್ತು, ಫೋನು ಎತ್ತಿಕೊಂಡಳು.

"ಗಿರಿಧರ್, ಇವತ್ತೂ ನಿಂತೋಯ್ತು ಕಣ್ರೀ. ಬನ್ನಿ."